ನಾಲ್ಕನೇ ನಂಬರಿನ ಹಿಂಗಾಲು

ಐನೂರು ರೂಪಾಯಿ, ಅದರ ಮೇಲೆ ಒಂದು ಕಾಸೂ ಇಲ್ಲ
ಎಂದು ರಾತ್ರಿಯೇ ಕ್ಯಾಲೆಂಡರಿನ ಹಿಂಬದಿಗೆ ಬರೆದಿದ್ದೆ:
ಬಸ್ಸು, ಗೇಟು, ಚಹಾ, ಮಕ್ಕಳಿಗೆ ಏನಾದರೂ,
ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ, ಕುದುರೆಗೆ ನಲವತ್ತು.
ಮಾಲಿಗೆ ಹೋಗಿದ್ದರೆ ಇಷ್ಟು ಪಾಪ್‌ಕಾರ್ನಿಗೇ ಸಾಲದು.

ಸುಂಕದಕಟ್ಟೆಯಿಂದ ಮೆಜೆಸ್ಟಿಕ್ಕು, ಅಲ್ಲಿಂದ ನಡಿಗೆ.
ಆನಂದರಾವ್ ಸರ್ಕಲ್ಲಿನ ಸೇತುವೆಯ ನೆರಳಲ್ಲಿ
ಅತ್ತೆ ಎರಡು ಸಲ ನಿಂತರು, ಮಂಡಿ ಹಿಡಿದುಕೊಂಡು.
"ಜೂಜಿನ ಜಾಗಕ್ಕೆ ನನ್ನ ಯಾಕೆ ಎಳ್ಕೊಂಡು ಬಂದ್ರಿ"
ಹೊಸಿಲು ದಾಟುವಾಗ ಶುರುವಾದದ್ದು ಇನ್ನೂ ನಡೆದಿತ್ತು.
ನನ್ನ ಚೀಲದಲ್ಲಿ ಚಿತ್ರಾನ್ನ, ಎರಡು ಸೌತೆಕಾಯಿ,
ಹಾಸಲು ಹಳೆಯ ಫ್ಲೆಕ್ಸು,
ಸೋತ ಅಭ್ಯರ್ಥಿಯ ಕೈಮುಗಿದ ಚಿತ್ರ ಒಳಮಗ್ಗುಲಿಗೆ.

ಒಳಗೆ ಹೋದರೆ, ಊರಿನ ನಡುವೆ
ಇಷ್ಟೊಂದು ಹಸಿರು ಯಾರಿಗೂ ಹೇಳದೆ ಕೂತಿತ್ತು.
ಚಿಕ್ಕವನು ಕೇಳಿದ: "ಅಮ್ಮಾ, ಇಲ್ಲಿ ಸೈಟಿಗೆ ಎಷ್ಟು?"

ಮೊದಲ ಓಟ ಕಣ್ಣಿಗೆ ಸಿಗಲೇ ಇಲ್ಲ.
ಆಚೆ ಬದಿಯಲ್ಲಿ, ಫ್ಯಾಕ್ಟರಿಯಲ್ಲಿ ದಿನವೂ ನಾನು ಹೊಲಿಯುವ
ಗುಂಡಿಗಳ ಹಾಗೆ, ಬಣ್ಣಬಣ್ಣದ ಒಂದು ಸಾಲು ಜಾರಿತು.
ತಿರುವಿನಲ್ಲಿ ಹಿಗ್ಗಿತು. ಆಮೇಲೆ
ಕುದುರೆಗಿಂತ ಮೊದಲು ನೆಲ ಬಂತು,
ಅಂಗಾಲಿನಿಂದ ಹೊಟ್ಟೆಗೆ ಏರಿತು.
ಪಲ್ಲವಿ ನನ್ನ ಸೆರಗು ಹಿಡಿದವಳು
ಮುಗಿದ ಮೇಲೂ ಬಿಡಲಿಲ್ಲ.

ಓಟಕ್ಕೆ ಮುಂಚೆ ಕುದುರೆಗಳನ್ನು ಸುತ್ತು ಹಾಕಿಸುವ ಜಾಗ.
ಅಲ್ಲಿ ಅತ್ತೆಯ ಗೊಣಗಾಟ ನಿಂತಿತು.
ಕಂಬಿಗೆ ಎದೆಯೊತ್ತಿ, ಕಣ್ಣು ಕಿರಿದು ಮಾಡಿ,
ಮುಖ ನೋಡಲಿಲ್ಲ, ಮೈಯ ಮಿಂಚು ನೋಡಲಿಲ್ಲ,
ಬರೀ ಕಾಲು ನೋಡಿದರು.
"ನಾಲ್ಕನೇದು. ಎಡಗಡೆ ಹಿಂಗಾಲು. ನೋವಿದೆ ಅದಕ್ಕೆ."

ಅತ್ತೆಯ ಅಪ್ಪ ಮಾರ್ಕೆಟ್ಟಿನ ಹತ್ತಿರ ಜಟಕಾ ಹೊಡೆಯುತ್ತಿದ್ದರಂತೆ.
ಹದಿನೇಳು ವರ್ಷದ ಸಂಸಾರದಲ್ಲಿ ನನಗೆ ಇದು ಗೊತ್ತಿರಲಿಲ್ಲ.
ಗುಲಾಬಿ ಎಂಬ ಕುದುರೆ, ಕಂದು ಬಣ್ಣ, ಒಂದು ಕಿವಿ ಸೀಳು.
ಸಂಜೆ ಗೊರಸಿನ ಕಲ್ಲು ಕೀಳುವುದು ಮಗಳ ಕೆಲಸ.
ಆಟೋಗಳು ಬಂದವು. ಗುಲಾಬಿಯನ್ನು ಯಾರೋ ಕೊಂಡರು.
"ಯಾರು?" ಎಂದಳು ಪಲ್ಲವಿ.
ಅತ್ತೆ ಸೌತೆಕಾಯಿಗೆ ಉಪ್ಪು ಹಚ್ಚಿದರು.

ಅಷ್ಟರಲ್ಲಿ ಇವರು ಕಿಟಕಿಯಿಂದ ಓಡಿ ಬಂದರು, ಬೆವರುತ್ತ:
"ಎಲ್ಲರೂ ಅದನ್ನೇ ಹಿಡಿದಿದ್ದಾರೆ, ನಲವತ್ತೂ ನಾಲ್ಕಕ್ಕೆ!"
ನಾನು ಅತ್ತೆಯನ್ನು ನೋಡಿದೆ. ಅತ್ತೆ ಆಕಾಶ ನೋಡಿದರು.

ಕೊನೆಯಿಂದ ಎರಡನೆಯದಾಗಿ ಬಂತು.

ಹಿಂದಿನ ಮೆಟ್ಟಿಲಲ್ಲಿ ಕೂತಿದ್ದ ಸಫಾರಿ ಸೂಟಿನ ಮುದುಕ
ಎಲ್ಲ ಕೇಳಿಸಿಕೊಂಡಿದ್ದ. ಪುಸ್ತಕ, ಪೆನ್ಸಿಲು ಹಿಡಿದು
ಬಗ್ಗಿ ಬಂದ: "ತಾಯಿ, ಮುಂದಿನದರಲ್ಲಿ ಯಾವುದು?"
ಅವನ ಹಿಂದೆ ಇನ್ನೊಬ್ಬ, ಆಮೇಲೆ ನಾಲ್ಕು ಜನ.
ಬೆಳಗಿಂದ ಬೈದುಕೊಂಡು ಬಂದ ನಮ್ಮತ್ತೆಯ ಸುತ್ತ
ದೇವರು ಮೈಮೇಲೆ ಬಂದವರ ಸುತ್ತ ನಿಂತ ಹಾಗೆ ಗಂಡಸರು.
"ನೋವು ಎಲ್ಲಿ ಅಂತ ಕೇಳಿ, ಹೇಳ್ತೀನಿ" ಎಂದರು ಅತ್ತೆ.
"ಗೆಲ್ಲೋದು ಯಾವುದು ಅಂತ ನಂಗೆ ಹೆಂಗೆ ಗೊತ್ತಾಗುತ್ತಪ್ಪಾ?"
ಅವನು ಅದನ್ನೂ ಬರೆದುಕೊಂಡ.

ಮಿಕ್ಕ ಓಟಗಳನ್ನು ಪುಕ್ಕಟೆ ನೋಡಿದೆವು.
ಪ್ರತಿ ಸಲವೂ ಒಂದೊಂದು ಕುದುರೆಗಾಗಿ ಕಿರುಚಿದೆವು,
ಚಿಕ್ಕವನದು ಎರಡು ಸಲ ಗೆದ್ದಿತು.
ಹರಿದು ಬಿಸಾಕಿದ ಚೀಟಿಗಳನ್ನು ಅವನು ಜೇಬು ತುಂಬಿಕೊಂಡ.
ನಲವತ್ತು ಹೋಗಿದ್ದಕ್ಕೆ ಇವರು ಒಂದು ಗಂಟೆ ಮಂಕಾಗಿದ್ದು
ಚಿತ್ರಾನ್ನ ತಿಂದ ಮೇಲೆ ಸರಿಹೋದರು.

ವಾಪಸು ಬಸ್ಸು ಓಕಳಿಪುರದ ಹತ್ತಿರ ಕೆಟ್ಟು ನಿಂತಿತು.
ಡ್ರೈವರ್ ಕೀಲಿ ತಿರುಗಿಸುತ್ತಲೇ ಇದ್ದ.
ಹೆಂಗಸರ ಸೀಟಿನಲ್ಲಿ ನಿದ್ದೆಗೆ ಜಾರಿದ್ದ ಅತ್ತೆ
ಕಣ್ಣು ಬಿಡದೆಯೇ ನಾಲಗೆಯಿಂದ ಎರಡು ಸಲ
ಟಕ್, ಟಕ್, ಎಂದರು. ಬಲಗೈ ಬೆರಳು
ಇಲ್ಲದ ಲಗಾಮನ್ನು ಒಂಚೂರು ಸಡಿಲ ಬಿಟ್ಟವು.

ಬಸ್ಸು ಹೊರಟಿತು.
ಚೀಲದಲ್ಲಿ ಲೆಕ್ಕ ಮಾಡಿದೆ: ಹದಿಮೂರು ರೂಪಾಯಿ ಉಳಿದಿತ್ತು.